ಹಸಿರು ಬಟನ್ ಇದ್ದ ಜಾಗದಿಂದ ಬಲಕ್ಕೆ

ಹೆರೆಡಿಯಾ ಊರಿನ ಎಡೆಲ್ಮಿರಾ ಚಿಂಚಿಲ್ಲಾಗೆ ಫೋನಿನಲ್ಲಿ ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಳ್ಳುವಷ್ಟೇ ಪ್ರೀತಿ. ಆ ಕಾರಣಕ್ಕೇ ಆಕೆ ಬರೆಯುವ ಕೆಲಸ ಹಿಡಿದದ್ದು. ಬೀದಿಮೂಲೆಯ ಅಂಗಡಿಯವರು ಬಳಸುವ ಒಂದು ಸಾಫ್ಟ್‌ವೇರಿಗೆ ಆನ್‌ಲೈನ್ ಸಹಾಯಪುಟಗಳನ್ನು ಬರೆದು ಜೋಡಿಸುತ್ತಿದ್ದಳು. ವಿಷಯಗಳನ್ನೆಲ್ಲ ಅಕಾರಾದಿಯಾಗಿ, ಅಧ್ಯಾಯ, ಉಪಅಧ್ಯಾಯ ಮಾಡಿ, ದೃಷ್ಟಿ ತಾಗುವಷ್ಟು ಅಂದವಾಗಿ ಇಟ್ಟಿದ್ದಳು. ಯಾರೂ ನೋಡದ ಕಾರಣ ದೃಷ್ಟಿ ತಾಗಲಿಲ್ಲ.

ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದು ಪರದೆಯ ಮೇಲಿನ ಹಳೆಯ ಹಸಿರು ಬಟನ್ ಮಾಯವಾದ ಮೇಲಂತೂ ಅಂಗಡಿಯವರೆಲ್ಲ ಕಂಪನಿಯ ಫೋನಿಗೇ ಜೋತುಬಿದ್ದರು.

ಯಜಮಾನ ದೊನ್ ಓಲ್ಮನ್ ಕಾಫಿ ಕಲಕುತ್ತ, ಮರ್ಯಾದೆಯ ‘ದೊನ್ಯಾ’ ಸೇರಿಸಿಯೇ ಹೇಳಿದ: "ದೊನ್ಯಾ ಎಡೆಲ್ಮಿರಾ, ನಿಮ್ಮ ಪುಟದಲ್ಲಿ ಯಾರಿಗೂ ದಾರಿ ಸಿಕ್ತಿಲ್ಲ. ಈ ತಿಂಗಳೂ ಹಿಂಗೇ ಆದ್ರೆ ಫೋನ್ ಮುಂದೆ ನೀವೇ ಕೂತ್ಕೊಳ್ಳಿ."

ಅವಳ ಕಾಫಿ ಅಲ್ಲೇ ಆರಿತು.

ಸಂಜೆ ಟ್ಯಾಕ್ಸಿಯವನು ಕೇಳಿದ: "ಎಲ್ಲಿಗಮ್ಮಾ?"

"ಅತ್ತಿಮರದಿಂದ ನೂರು ಮೀಟರ್ ದಕ್ಷಿಣಕ್ಕೆ, ಹಳದಿ ಗೇಟು."

ಆ ಮರ ಅವಳು ಹುಟ್ಟುವ ಮೊದಲೇ ಉರುಳಿತ್ತು. ಟ್ಯಾಕ್ಸಿಯವನೂ ಅದನ್ನು ಕಂಡವನಲ್ಲ. ಸೀದಾ ಗೇಟಿನ ಮುಂದೆ ತಂದು ನಿಲ್ಲಿಸಿದ.

"ಬೀದಿಗಳಿಗೆಲ್ಲ ಹೆಸರಿನ ಬೋರ್ಡ್ ಹಾಕಿದಾರಂತಲ್ಲ?" ಎಂದಳು.

"ಹಾಕಿದಾರೆ. ಅದನ್ನ ನೋಡ್ಕೊಂಡು ಹೋದ್ರೆ ದಾರಿ ತಪ್ಪುತ್ತೆ."

ಮರುದಿನ ಎಡೆಲ್ಮಿರಾ ಅಕಾರಾದಿಯನ್ನು ಕಿತ್ತುಹಾಕಿದಳು. ಎಲ್ಲ ವಿಷಯಗಳನ್ನೂ ಹಳೆಯ ಗುರುತುಗಳ ಸುತ್ತ ಕೂರಿಸಿದಳು. "ದಿನದ ವ್ಯಾಪಾರ ಮುಚ್ಚಲು: ಹಸಿರು ಬಟನ್ ಇದ್ದ ಜಾಗದಿಂದ ಬಲಕ್ಕೆ." "ತಪ್ಪು ಬಿಲ್ ಅಳಿಸಲು: ಮೊದಲು ಗಡಿಯಾರ ಇತ್ತಲ್ಲ, ಅದರ ಕೆಳಗೆ."

ದೊನ್ ಓಲ್ಮನ್ ಓದಿ ನೋಡಿದ. "ಇಲ್ಲದ್ದರ ಹೆಸರು ಹೇಳ್ಕೊಂಡು ದಾರಿ ತೋರಿಸ್ತೀರಲ್ಲ, ಇದು ಸಹಾಯಪುಟವೋ ತಿಥಿ ಊಟವೋ?"

"ನಿಮ್ಮ ಮನೆ ಎಲ್ಲಿ ಬಂತು, ದೊನ್ ಓಲ್ಮನ್?"

"ಸುಟ್ಟುಹೋದ ಬೇಕರಿಯಿಂದ ಪಶ್ಚಿಮಕ್ಕೆ..." ಎಂದವನು ಅಲ್ಲಿಗೇ ನಿಲ್ಲಿಸಿ, ಪುಟಗಳಿಗೆ ಒಪ್ಪಿಗೆ ಕೊಟ್ಟ.

ತಿಂಗಳ ಕೊನೆಗೆ ಫೋನ್ ತಣ್ಣಗಾಯಿತು. ಎಡೆಲ್ಮಿರಾ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯತೊಡಗಿದಳು. ಹಾಗೆ ಕುಡಿಯುತ್ತಿದ್ದಾಗ ಒಂದು ಕರೆ ಬಂತು. ಸುತ್ತ ಯಾರೂ ಇರಲಿಲ್ಲ. ಅವಳೇ ಎತ್ತಬೇಕಾಯಿತು.

"ಅಂಗಡಿ ಈಗಷ್ಟೇ ತಗೊಂಡಿದೀನಿ," ಎಂದಿತು ಹೆಂಗಸಿನ ದನಿ. "ಹಸಿರು ಬಟನ್ ಎಲ್ಲಿತ್ತಮ್ಮಾ?"

"ಕೆಂಪು ಪಟ್ಟಿ ಇತ್ತಲ್ಲ, ಅದರ ಪಕ್ಕದಲ್ಲೇ."

"ಕೆಂಪು ಪಟ್ಟಿ ಎಲ್ಲಿತ್ತು?"

ಎಡೆಲ್ಮಿರಾ ಕುರ್ಚಿ ಎಳೆದುಕೊಂಡಳು. ಒಳಬಂದ ದೊನ್ ಓಲ್ಮನ್ ಸದ್ದಿಲ್ಲದೆ ಫೋನನ್ನು ಅವಳ ಮೇಜಿನತ್ತ ಸರಿಸಿದ.

"ಹೊಸಬರಿಗೆ ಮಾತ್ರ," ಎಂದ.