ಎರಡು ಕಾಳಿನ ಗಡಿಗೆ

ನಾನು ತಿಳವಳ್ಳಿ ಕಡೆಯವಳು. ಭತ್ತದ ಗದ್ದೆಗಳ ಊರಿನಿಂದ ಹತ್ತಿಮತ್ತೂರಿಗೆ ಸೊಸೆಯಾಗಿ ಬಂದಾಗ ನನಗೆ ಜೋಳದ ರೊಟ್ಟಿ ಬಡಿಯಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಎಲ್ಲ ಗೊತ್ತು ಅನ್ನುವ ಠೇಂಕಾರವನ್ನು ಮಾತ್ರ ತವರಿನಿಂದ ಧಾರಾಳವಾಗಿ ತಂದಿದ್ದೆ. ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಪೇಟೆಯಲ್ಲಿ ಕಾಳು ಸಿಗುವುದು ಕಷ್ಟವಾಗಿತ್ತು. ಹೊಲದಲ್ಲಿ ಬೆಳೆದದ್ದೇ ಹೊಟ್ಟೆಗೆ.

ಆ ಮನೆಯಲ್ಲಿ ಬೀಜ ಕಾಯುತ್ತಿದ್ದವಳು ನನ್ನ ಗಂಡನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕೊಯ್ಲಿಗೆ ಮೊದಲೇ ಹೊಲ ಹೊಕ್ಕು, ಒಂದೊಂದು ತೆನೆಯನ್ನೂ ಹಿಡಿದು ನೋಡಿ, ಮುಂದಿನ ವರ್ಷದ ಬಿತ್ತನೆಗೆ ಬೇಕಾದದ್ದನ್ನು ಆರಿಸುತ್ತಿದ್ದಳು. ಗಂಡಸರು ದಂಟಿನ ಎತ್ತರ ನೋಡಿದರೆ ಆಕೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು. ಯಾವುದರ ರೊಟ್ಟಿ ಮರುದಿನಕ್ಕೂ ಮೆತ್ತಗಿರುತ್ತದೆ, ಯಾವುದಕ್ಕೆ ಬೇಗ ಹುಳ ಬೀಳುತ್ತದೆ, ಎಲ್ಲ ಆಕೆಗೆ ಗೊತ್ತಿತ್ತು. ಬೂದಿ, ಬೇವಿನೆಲೆ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುವವಳೂ ಆಕೆಯೇ.

ಆದರೆ ಬಿತ್ತುವ ದಿನ ಆಕೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಹಾಕುವವಳು ಮುತ್ತೈದೆಯಾಗಿರಬೇಕು. ಮೊದಲ ಸಾಲು ಮುಗಿಯುವವರೆಗೆ ಅವಳು ಗಂಡ ಸತ್ತವಳ ಮುಖ ನೋಡಬಾರದು. ಅತ್ತೆಗೆ ಮೊಣಕಾಲು ನೋವು ಶುರುವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ಬೆಳಗಿನಿಂದಲೇ ನಾದಿನಿ ಹಿತ್ತಲ ಕೊಟ್ಟಿಗೆಯಲ್ಲಿ ಹೋಗಿ ಕೂತಿರುತ್ತಿದ್ದಳು. ವರ್ಷವಿಡೀ ಬೀಜ ಮುಟ್ಟಿದ ಕೈ ಆ ಒಂದು ದಿನ ಹೇಗೆ ಕೆಟ್ಟದ್ದಾಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ವರ್ಷ ಮುಂಗಾರಿನ ಮಿರಗದ ಮಳೆ ಬರಲೇ ಇಲ್ಲ. ಆರಿದ್ರಾ ನಾಲ್ಕು ಹನಿ ಉದುರಿಸಿ ಹೋಯಿತು. ನೆಲ ಹದವಾಗುವಷ್ಟು ಮಳೆ ಬಿದ್ದಾಗ ಬಿತ್ತನೆಯ ಕಾಲ ಮೀರಿತ್ತು. ಮನೆಯಲ್ಲಿ ಎರಡು ಜಾತಿಯ ಬಿಳಿಜೋಳದ ಬೀಜವಿತ್ತು. ಉದ್ದ ಜೋಳ ಆಳೆತ್ತರ ಮೀರಿ ಬೆಳೆದು ಬಣವೆ ತುಂಬ ಮೇವು ಕೊಡುತ್ತಿತ್ತು, ಕಾಳಾಗಲು ಮಾತ್ರ ತಡ. ಗಿಡ್ಡ ಜೋಳ ಎದೆಮಟ್ಟಕ್ಕೆ ನಿಲ್ಲುತ್ತಿತ್ತು, ಮೇವು ಕಡಿಮೆ, ಆದರೆ ಮಳೆ ಹಿಂದೆ ಸರಿಯುವ ಮೊದಲೇ ಕಾಳು ಕಟ್ಟುತ್ತಿತ್ತು. ನನ್ನ ಗಂಡನಿಗೆ ಹೆಂಡತಿಗಿಂತ ಎತ್ತುಗಳ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ. ಹೀಗಾಗಿ ಪ್ರತಿವರ್ಷವೂ ಉದ್ದ ಜೋಳವೇ.

ಬಿತ್ತುವ ಹಿಂದಿನ ದಿನ ನಾದಿನಿ ಒಲೆಯ ಮುಂದೆ ಕೂತು ತಮ್ಮನಿಗೆ ಹೇಳಿದಳು.

"ತಮ್ಮಾ, ಈ ಸಲ ಗಿಡ್ಡ ಜೋಳ ಬಿತ್ತು. ಮಳಿ ತಡಾ ಆಗೇತಿ. ಉದ್ದಂದು ಹಾಲುಗಾಳ ಕಟ್ಟೂದ್ರಾಗ ನೆಲ ಒಣಗಿ ಹೋಗತೈತಿ."

"ಎತ್ತಿಗೆ ಏನ ಹಾಕ್ಲಿ ಅಕ್ಕಾ?"

"ಎತ್ತಿಗೆ ಬದುವಿನ ಹುಲ್ಲರ ಸಿಗತೈತಿ. ಮಂದಿ ಏನ ತಿನ್ನಬೇಕು?"

ಕೊನೆಗೆ ನನ್ನ ಗಂಡ, "ಆತು, ನೀ ಹೇಳಿದಂಗ ಆಗ್ಲಿ," ಅಂದರು. ಆ ಮನೆಯ ಬಿತ್ತನೆಯಲ್ಲಿ ಆಕೆಯ ಮಾತು ನಡೆದದ್ದು ಅದೇ ಮೊದಲು. ಆಕೆಯ ಮುಖ ಅರಳಿದ್ದನ್ನು ನಾನು ಕಂಡೆ. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಸಗಣಿ ಮ್ಯಾಲ ಒಂದ ಕಾಳ ಒತ್ತಿದ್ದು ಉದ್ದಂದು. ಎರಡ ಕಾಳ ಒತ್ತಿದ್ದು ಗಿಡ್ಡಂದು. ನೆನಪಿಟ್ಕೋ ತಂಗಿ, ನಾಳೆ ನನ್ನ ಕೇಳಾಕ ಬರಾಂಗಿಲ್ಲ."

ಇಷ್ಟು ಸಣ್ಣ ಮಾತು ನೆನಪಿರುವುದಿಲ್ಲವೇ ಎಂದು ತಲೆಯಾಡಿಸಿ ಎದ್ದುಬಂದೆ.

ಮರುದಿನ ಮುಂಜಾನೆ ತಲೆಗೆ ನೀರು ಹಾಕಿಕೊಂಡು, ಉಡಿ ಕಟ್ಟಿ, ಕಾಳಿನ ಕೋಣೆಯಲ್ಲಿ ಗಡಿಗೆಗಳ ಮುಂದೆ ನಿಂತಾಗ ನನಗೆ ಒಮ್ಮೆಲೇ ದಿಕ್ಕು ತಪ್ಪಿತು. ಗಿಡ್ಡದ್ದು ಒಂದು ಕಾಳಿನದೋ, ಎರಡು ಕಾಳಿನದೋ? ಒಳಗಿನ ಜೋಳ ನೋಡಿ ಹೇಳುವಂತಿರಲಿಲ್ಲ, ಎರಡೂ ಒಂದೇ ಬಿಳುಪು. ಕೊಟ್ಟಿಗೆ ಇಪ್ಪತ್ತು ಹೆಜ್ಜೆ ದೂರ. ಹೋದರೆ ಅಪಶಕುನ. ಗೋಡೆಯ ಈಚೆಯಿಂದ ಕೂಗಿ ಕೇಳಬಹುದಿತ್ತು. ಕೂಗಿದರೆ ಅತ್ತೆಗೆ ಕೇಳುತ್ತದೆ, ಒಂದು ಮಾತು ನೆನಪಿಡಲಾರದ ಸೊಸೆ ಅನ್ನುತ್ತಾರೆ. ದೊಡ್ಡದಕ್ಕೆ ಎರಡು, ಸಣ್ಣದಕ್ಕೆ ಒಂದು ಇದ್ದೀತು ಎಂದು ನನ್ನ ಬುದ್ಧಿಗೆ ತೋಚಿತು. ಒಂದು ಕಾಳಿನ ಗಡಿಗೆಯ ಸಗಣಿ ಕಿತ್ತು, ಬೀಜವನ್ನು ಉಡಿಗೆ ಸುರಿದುಕೊಂಡೆ.

ಎದೆಮಟ್ಟಕ್ಕೆ ನಿಲ್ಲಬೇಕಾದ ಜೋಳ ತಲೆ ದಾಟಿ ಬೆಳೆಯತೊಡಗಿದಾಗ ನಾನು ತೆಗೆದದ್ದು ಉದ್ದ ಜೋಳದ ಗಡಿಗೆ ಎಂದು ತಿಳಿಯಿತು. ನನ್ನ ಗಂಡ ಬದುವಿನ ಮೇಲೆ ನಿಂತು ನೋಡಿ ಮನೆಯ ಕಡೆ ತಿರುಗಿದರು. ತೆನೆ ಹೊರಬರುವ ಹೊತ್ತಿಗೆ ಮಳೆ ನಿಂತಿತು. ಕೊಯ್ಲಿನಲ್ಲಿ ತೆನೆ ಮುರಿದು ತಿಕ್ಕಿದರೆ ಅಂಗೈ ತುಂಬ ಬರೀ ಹೊಟ್ಟು.

"ನನ್ನ ಮಗಳ ಹಣೇಬರಾನ ಹಂಗೈತಿ," ಎಂದು ಅತ್ತೆ ಎಲ್ಲರ ಮುಂದೆ ಅತ್ತರು. "ಗಡಿಗಿ ಗುರುತ ತಪ್ಪಿ ಇಟ್ಟಾಳ. ಆಕಿ ಕೈಯಾಗ ಬೀಜ ಕೊಟ್ಟದ್ದ ನಮ್ಮ ತಪ್ಪು."

ನಾದಿನಿ ನನ್ನ ಕಡೆ ಒಮ್ಮೆ ನೋಡಿದಳು. ನನ್ನ ಮುಖದಲ್ಲೇ ಎಲ್ಲವೂ ಇತ್ತು.

"ಇರಬೌದವ್ವ, ನಂದ ತಪ್ಪಿರಬೇಕು," ಅಂದಳು.

ನಾನು ಬಾಯಿ ಬಿಡಲಿಲ್ಲ. ಹೊಸ ಸೊಸೆ, ಹೆದರಿಕೆ, ಎಳೆಯ ವಯಸ್ಸು ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಹೇಡಿತನ, ಅಷ್ಟೇ. ಆ ಚಳಿಗಾಲ ನಮ್ಮ ಹೊಟ್ಟೆ ಹೊರೆದದ್ದು ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದ ಹೆಸರು ಮತ್ತು ತೊಗರಿ. ಅದನ್ನು ಹಟ ಹಿಡಿದು ಬಿತ್ತಿಸಿದವಳೂ ನಾದಿನಿಯೇ. ಆ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಬೀಜದ ಗಡಿಗೆಗಳನ್ನು ಆಕೆಯಿಂದ ತೆಗೆದು ನನ್ನ ವಶಕ್ಕೆ ಕೊಟ್ಟರು.

ಮುಂದಿನ ಮುಂಗಾರು ಹತ್ತಿರ ಬಂದಾಗ ನನಗೆ ಆ ಗಡಿಗೆಗಳನ್ನು ಮುಟ್ಟಲು ಮನಸ್ಸಾಗದಾಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿಯೇಬಿಟ್ಟೆ.

"ಅತ್ತಿಯಾರ, ಅಕ್ಕಾರ ಗುರುತ ಸರಿ ಇತ್ತರಿ. ಗಡಿಗಿ ತಪ್ಪಿ ತಗದಾಕಿ ನಾನರಿ."

ಅತ್ತೆಯ ಕೈ ತಾಟಿನ ಮೇಲೇ ನಿಂತಿತು. ಕಣ್ಣು ತುಂಬಿ ಬಂದವು.

"ನೋಡಪಾ, ಎಂಥಾ ಹೆಂಡತಿ ಸಿಕ್ಕಾಳ ನಿನಗ," ಎಂದು ಮಗನಿಗೆ ಹೇಳಿದರು. "ನಾದಿನಿ ಮ್ಯಾಲಿನ ಮಾತ ತನ್ನ ಮ್ಯಾಲ ಹಾಕ್ಕೊಳಾಕತ್ತಾಳ."

ನಾನು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವರ ಕಣ್ಣಲ್ಲಿ ದೊಡ್ಡವಳಾದೆ. ಸಂಜೆಯಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದರು.

ಹಿತ್ತಲಿಗೆ ಓಡಿದೆ. ನಾದಿನಿ ಪಾತ್ರೆ ತಿಕ್ಕುತ್ತಿದ್ದಳು.

"ಯಾರೂ ನಂಬವಲ್ಲರಲ್ರಿ ಅಕ್ಕಾರ," ಎಂದು ನಾನು ಕಣ್ಣೀರಿಟ್ಟೆ.

"ಈಗ ನಂಬೂದಿಲ್ಲ ತಂಗಿ," ಅಂದಳು ಆಕೆ, ತಲೆ ಎತ್ತದೆ. "ಅವತ್ತ ಹೇಳಿದ್ರ ನಂಬತಿದ್ರು."

ಆಮೇಲೆ ಆಕೆ ಬದುಕಿರುವವರೆಗೂ ಬೀಜದ ಒಂದು ಕಾಳನ್ನೂ ಮುಟ್ಟಲಿಲ್ಲ. ಕೊಯ್ಲಿನ ಹೊತ್ತಿಗೆ ಬದುವಿನ ಮೇಲೆ ನಿಂತು, "ಅದಲ್ಲ, ಅದರ ಬಾಜೂದ್ದು," ಎಂದು ತೋರಿಸುತ್ತಿದ್ದಳು. ನಾನು ಕೊಯ್ದುಕೊಳ್ಳುತ್ತಿದ್ದೆ. ಒಳ್ಳೆಯ ಬೀಜ ಬೇಕಾದಾಗ ಸುತ್ತಲಿನ ಊರಿನ ಹೆಂಗಸರು ನನ್ನ ಹೆಸರು ಹೇಳಿಕೊಂಡು ಬರುತ್ತಿದ್ದರು. ನಾನು ಕೊಡುತ್ತಿದ್ದೆ.