ಮಾಲ್ಟಾದ ಬ್ಯಾರನ್ ಮತ್ತು ನಮ್ಮ ದೇಸಗತಿ

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿದ್ದ ವರ್ಷಗಳಲ್ಲಿ ನನಗೊಬ್ಬ ಬ್ಯಾರನ್ ಪರಿಚಯವಿದ್ದ. ಮಾಲ್ಟಾ ದೇಶದವನು, ವಿಮಾನದ ಕಂಪನಿಯಲ್ಲಿ ನನ್ನ ಗಂಡನ ಪಕ್ಕದ ಮೇಜಿನವನು. ಇಂಥ ವಂಶಪಾರಂಪರ್ಯದ ಬಿರುದುಗಳಿಗೆ ಮನ್ನಣೆ ಕೊಡುವುದನ್ನು ಅವನ ಸರ್ಕಾರವೇ ಎಂದೋ ನಿಲ್ಲಿಸಿತ್ತು. ಆದರೂ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಬರುವ ಈ ಮಹಾಶಯ ಬಾಡಿಗೆ ಫ್ಲ್ಯಾಟಿನ ಗೋಡೆಗೆ ವಂಶವೃಕ್ಷ ತೂಗುಹಾಕಿದ್ದ.

ನನ್ನ ಗಂಡನೇನು ಕಡಿಮೆಯೇ? ಇವರದು ವಿಜಯಪುರದ ಕಡೆಯ ದೇಸಗತಿ ಮನೆತನ. ಜಮೀನೆಲ್ಲ ಉಳುವವರ ಪಾಲಾಗಿ, ವಾಡೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದರೂ 'ದೇಸಾಯಿ' ಎಂಬ ಮೂರಕ್ಷರಕ್ಕೆ ಗಂಡು ವಾರಸುದಾರ ಬೇಕೇ ಬೇಕು. ನಮಗಿದ್ದದ್ದು ಒಬ್ಬಳೇ ಪುಟ್ಟ ಮಗಳು. ಇನ್ನೊಂದು ಮಗು ನನಗೆ ಬೇಡವಾಗಿತ್ತು. ಅತ್ತೆ ಪ್ರತಿ ಫೋನಿನಲ್ಲೂ ಅದನ್ನೇ ಎತ್ತುತ್ತಿದ್ದರು, ಇವರು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು.

ಒಂದು ಭಾನುವಾರ ಬ್ಯಾರನ್ ನಮ್ಮನ್ನು ಫೀಕಾಗೆ, ಅಂದರೆ ಅಲ್ಲಿಯವರ ಕಾಫಿ-ತಿಂಡಿಯ ಹರಟೆಗೆ, ಕರೆದ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಅವನ ಮಗಳು ಕಾಫಿ, ದಾಲ್ಚಿನ್ನಿ ಬನ್ನು ತಂದಿಟ್ಟಳು. ಅವಳ ತಮ್ಮ ಸೋಫಾದಲ್ಲಿ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದ. ಬ್ಯಾರನ್ ವಂಶವೃಕ್ಷದ ಮೇಲೆ ಬೆರಳಾಡಿಸುತ್ತ ಇಂಗ್ಲಿಷಿನಲ್ಲಿ ವಿವರಿಸಿದ: "ಇಲ್ಲಿ ಗಂಡುಮಕ್ಕಳಿರಲಿಲ್ಲ, ಬಿರುದು ಮಗಳಿಗೆ ಬಂತು. ಮುಂದೆ ನನ್ನ ಅಮ್ಮನಿಗೆ. ಅಮ್ಮನಿಂದ ನನಗೆ." ಪ್ರತಿಸಲವೂ ಅಡ್ಡಹೆಸರು ಬದಲಾಗಿತ್ತು.

ಇವರ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ಬಿರುದು ಬೇರೆ ಮನೆಗೆ ಹೋಯ್ತಲ್ಲ?"

"ಬೇರೆ ಮನೆ ಯಾಕೆ? ಮಗಳ ಮನೆ."

ನನಗೆ ಎದ್ದು ಕುಣಿಯುವಷ್ಟು ಸಂತೋಷ. "ಹಾಗಿದ್ರೆ ಮುಂದಿನ ಬ್ಯಾರನೆಸ್ ಈ ಹುಡುಗೀನೇ," ಎಂದೆ.

ಅವನು ನಕ್ಕ. "ಅವಳಿಗೆ ತಮ್ಮ ಇದಾನಲ್ಲ! ಮಗ ಇಲ್ಲದಿದ್ರೆ ಮಾತ್ರ ಮಗಳಿಗೆ."

ಹುಡುಗಿ ತಲೆ ತಗ್ಗಿಸಿಕೊಂಡೇ ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಭಾವೀ ಬ್ಯಾರನ್ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಇಷ್ಟು ತಲೆಮಾರು ಹೆಂಗಸರ ಹೆಗಲ ಮೇಲೆ ದಾಟಿ ಬಂದ ಬಿರುದು, ಆದರೂ ಹೆಣ್ಣೆಂದರೆ ಆ ಮನೆತನಕ್ಕೆ ಡಿಕ್ಕಿಯಲ್ಲಿಟ್ಟ ಸ್ಟೆಪ್ನಿ. ನನಗೆ ಹೇಸಿಗೆಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ತಮ್ಮ ವಾದಕ್ಕೆ ಮಾಲ್ಟಾದ ವಕೀಲನೇ ಸಿಕ್ಕವರ ಹಾಗೆ ಗೆಲುವಾಗಿದ್ದರು. "ನೋಡಿದೇನು, ಅವರೊಳಗೂ ಗಂಡುಮಗ ಇದ್ರ ಅವನಿಗೇ ಅಂತ. ನಾವೂ ಇನ್ನೊಂದ್ ಸಲ ಟ್ರೈ ಮಾಡೋಣೇನು?"

ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳನ್ನು ಎತ್ತಿ ನನ್ನ ಮಡಿಲಿಗೆ ಹಾಕಿಕೊಂಡೆ.

"ಇವಳು ಯಾರ ಬದಲಿಗೂ ಹುಟ್ಟಿದವಳಲ್ಲ ರೀ. ಇನ್ನೊಂದು ಮಗು ಇಲ್ಲ. ಇವತ್ತು ಫೋನಲ್ಲಿ ನಿಮ್ಮಮ್ಮನಿಗೆ ಅದನ್ನ ಹೇಳೋದು ನೀವು."