ರವಿಕೆ ಕಣದ ಕೌದಿ

ರವಿಕೆ ಕಣ ಇರುವುದು ಹೊಲಿಸಲಿಕ್ಕಲ್ಲ, ದಾಟಿಸಲಿಕ್ಕೆ. ಪೂಜೆಗೆ ಬಂದ ಮುತ್ತೈದೆಗೆ ಕುಂಕುಮದ ಜೊತೆ ಒಂದು ಕೊಟ್ಟರೆ, ಅವಳು ಅದರ ಮಡಿಕೆ ಬಿಚ್ಚದೆ ಮುಂದಿನ ಮುತ್ತೈದೆಗೆ ಸಾಗಹಾಕುತ್ತಾಳೆ. ದೇರೆಬೈಲಿನ ಗಿರಿಜಾ ತಾನು ಕೊಟ್ಟ ಹಳದಿ ಕಣವೇ ಊರು ಸುತ್ತಿ ತನ್ನ ಕೈಗೆ ವಾಪಸು ಬಂದದ್ದನ್ನು ಕಂಡವಳು.

ಅಷ್ಟು ಸುತ್ತಿದರೂ ಅದು ತಲುಪದ ಕೈ ಒಂದೇ, ಅವಳ ಅಮ್ಮನದು. ಅಪ್ಪ ಹೋದಂದಿನಿಂದ, ಕುಂಕುಮದ ತಟ್ಟೆ ಹೊರಬಂದ ಕೂಡಲೇ ಅಮ್ಮ ತಾವಾಗಿಯೇ ಎದ್ದು ಅಡುಗೆಮನೆ ಸೇರುತ್ತಿದ್ದರು. ಅದನ್ನು ಕಂಡು ಸಿಟ್ಟು ನೆತ್ತಿಗೇರಿ, ಗಿರಿಜಾ ತನಗೆ ಬಂದ ಕಣಗಳನ್ನೆಲ್ಲ ಕತ್ತರಿಸಿ ಅಮ್ಮನಿಗೊಂದು ಕೌದಿ ಹೊಲಿಯಲು ಕೂತಳು. ನಡುವಿನ ಚೌಕಕ್ಕೆ, ಅಮ್ಮ ಕಂಕನಾಡಿಯ ಅಂಗಡಿಯಲ್ಲಿ ತಮಗೆ ತಾವೇ ಕೊಂಡುಕೊಂಡಿದ್ದ ಮೆರೂನ್ ಕಣ; ಅದಕ್ಕಿನ್ನೂ ಕತ್ತರಿ ತಾಗಿರಲಿಲ್ಲ. ಆಮೇಲೆ ಶಾಲೆಯ ಕೆಲಸ, ಮಗಳ ಮದುವೆ. ಸಿಟ್ಟು ಎಚ್ಚರವಾಗಿಯೇ ಇತ್ತು, ಕೌದಿ ಮಾತ್ರ ಕಪಾಟಿನಲ್ಲಿ ವರ್ಷಗಟ್ಟಲೆ ನಿದ್ದೆ ಹೊಡೆಯಿತು.

ಮಗಳು ಚಿನ್ಮಯಿಯ ಸೀಮಂತ ಭಾನುವಾರವೆಂದು ನಿಶ್ಚಯವಾದಾಗ ಗಿರಿಜಾಳ ಅತ್ತೆ ಹೇಳಿದರು, "ನಿನ್ನ ಅಮ್ಮನೂ ಬರಲಿ. ಒಳಗಿನ ಕೆಲಸಕ್ಕೆ ಒಂದು ಜನ ಬೇಕಲ್ಲ."

ಗಿರಿಜಾ ಅಂದೇ ಕಪಾಟು ತೆರೆದಳು. ಮೊಮ್ಮಗಳ ಸೀಮಂತಕ್ಕೆ ಅಮ್ಮ ಕೂರುವುದು ಮುಂದಿನ ಸಾಲಿನಲ್ಲಿ, ಈ ಕೌದಿಯ ಮೇಲೆ. ಕೌದಿ ಸಿಕ್ಕಿತು. ಮೆರೂನ್ ಕಣ ಇಲ್ಲ.

"ಶುಕ್ರವಾರದ ಪೂಜೆಗೆ ಕಣ ಸಾಲಲಿಲ್ಲ," ಅಂದರು ಅತ್ತೆ. "ಅದೊಂದು ಇಡೀ ಇತ್ತು. ನಮ್ಮ ರಂಜಿನಿಗೆ ಕೊಟ್ಟೆ."

"ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ಅತ್ತೆ?"

"ಕುಂಕುಮದೊಟ್ಟಿಗೆ ಕೊಟ್ಟದ್ದನ್ನು ವಾಪಸು ಕೇಳ್ಬಾರದು ಮಾರಾಯ್ತಿ, ಅಪಶಕುನ."

ನಾದಿನಿ ರಂಜಿನಿಯ ಮನೆ ನಂತೂರಿನಾಚೆ. ಲಾರಿಗಳ ನಡುವೆ ಸಿಕ್ಕಿಬಿದ್ದ ಆಟೋದಲ್ಲಿ ಗಿರಿಜಾ ಕುದಿಯುತ್ತ ಕೂತಳು. ಅವಳೂ ಮುಂದಕ್ಕೆ ದಾಟಿಸಿದ್ದರೆ? ಇನ್ನು ಮಂಗಳೂರಿನ ಯಾವ ಕಪಾಟಿನಲ್ಲಿ ಹುಡುಕುವುದು?

ರಂಜಿನಿ ಬಾಗಿಲು ತೆಗೆದಳು. ಯಾರೂ ಹೊಲಿಸದ ಕಣವನ್ನು ಈ ಮಹಾತಾಯಿ ಹೊಲಿಸಿ, ತೊಟ್ಟುಕೊಂಡೇ ನಿಂತಿದ್ದಳು.

"ಚಂದ ಉಂಟಲ್ಲ ಅತ್ತಿಗೆ? ಸೀಮಂತಕ್ಕೂ ಇದೇ."

"ಬಿಚ್ಚು."

"ಎಂತ?"

"ರವಿಕೆ ಬಿಚ್ಚು. ಅದು ನನ್ನ ಅಮ್ಮಂದು."

ವಿಷಯ ತಿಳಿದು ರಂಜಿನಿಯ ಮುಖ ಸಪ್ಪೆಯಾಯಿತು. "ಅಮ್ಮ ನನಗೆ ಹೇಳ್ಲೇ ಇಲ್ಲ ಅತ್ತಿಗೆ." ಒಳಗೆ ಹೋಗಿ ಬದಲಾಯಿಸಿ ಬಂದವಳು, ಬ್ಲೇಡಿನಿಂದ ಹೊಲಿಗೆ ಕೊಯ್ದು ರವಿಕೆಯ ಕೈ ಎರಡನ್ನೂ ಗಿರಿಜಾಳಿಗೆ ಕೊಟ್ಟಳು. "ಚೌಕಕ್ಕೆ ಇಷ್ಟು ಸಾಕಲ್ಲ? ಉಳಿದದ್ದು ನನಗಿರಲಿ. ಅಮ್ಮನಿಗೆ ಫ್ಯಾಶನ್ ಅಂತ ಹೇಳ್ತೇನೆ."

ನಾದಿನಿ ಕೈ ಕೊಟ್ಟದ್ದರಿಂದ ಉಪಕಾರವಾದದ್ದು ಆ ಮನೆತನದಲ್ಲಿ ಅದೇ ಮೊದಲು. ಗಿರಿಜಾ ಮಾತ್ರ ನಗಲಿಲ್ಲ. ಮನೆಗೆ ಬಂದು, ಹಲ್ಲು ಕಚ್ಚಿದಷ್ಟೇ ಬಿಗಿಯಾಗಿ ಹೊಲಿಗೆ ಹಾಕಿದಳು. ಚೌಕ ಸ್ವಲ್ಪ ಸೊಟ್ಟಗಾಯಿತು. ಆಗಲಿ.

ಭಾನುವಾರ ಅಮ್ಮ ಬಂದವರೇ ಅಡುಗೆಮನೆಯ ಕಡೆ ತಿರುಗಿದರು. ಗಿರಿಜಾ ರಟ್ಟೆ ಹಿಡಿದು ಕರೆತಂದು, ಮುಂದಿನ ಸಾಲಿನಲ್ಲಿ ಚಿನ್ಮಯಿಯ ಪಕ್ಕದ ಕುರ್ಚಿಗೆ ಕೌದಿ ಹಾಸಿ ಕೂರಿಸಿದಳು.

"ಬೇಡ ಗಿರಿಜಾ, ನೋಡಿದವರು ಎಂತ ಹೇಳ್ತಾರೆ?"

"ಹೇಳ್ಲಿ. ಅವರೆಲ್ಲ ಕೊಟ್ಟ ಕಣದ ಮೇಲೆಯೇ ಕೂತಿದ್ದೀ ನೀನು."

ಅತ್ತೆ ಕುಂಕುಮದ ತಟ್ಟೆ ಹಿಡಿದು ಹೊರಬಂದರು. ಮುಂದಿನ ಸಾಲಿನಲ್ಲಿ ಕೌದಿಯ ಮೇಲೆ ಬೀಗಿತ್ತಿ, ಅವರ ಹಿಂದೆ ತೋಳಿಲ್ಲದ ರವಿಕೆಯಲ್ಲಿ ಸ್ವಂತ ಮಗಳು. ಮೊದಲು ಯಾರಿಗೆ ಬೈಯುವುದೆಂದು ತಿಳಿಯದೆ ನಿಂತೇಬಿಟ್ಟರು.

"ಒಳಗೆ ಪಾಯಸ ಸೀಯುವ ವಾಸನೆ ಬರ್ತಾ ಉಂಟು," ಎಂದು ಅಮ್ಮ ಏಳಲು ಹೋದರು.

ಗಿರಿಜಾ ಅವರ ಭುಜ ಒತ್ತಿ ಕೂರಿಸಿದಳು. "ಸೀಯ್ಲಿ."